ಅಕ್ಷರ ಹೇಳಿದವರಿಗೆ, ಅಂಕಿ ಹೇಳಿದ ಮಾತಿಗೆ

ವರ್ಷಕ್ಕೊಮ್ಮೆ ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯದ ಹಳೆಯ ಪತ್ರಿಕೆಗಳನ್ನು ಕಟ್ಟು ಕಟ್ಟಿ ತೂಕಕ್ಕೆ ಹಾಕಬೇಕೆಂಬ ನಿಯಮವಿದೆ. ಈ ವರ್ಷ ನಾನು ಹಾಕಿಲ್ಲ. ಕೇಳಿದವರಿಗೆ, ಶನಿವಾರಸಂತೆಯಿಂದ ಬರಬೇಕಾದ ವ್ಯಾಪಾರಿ ಇನ್ನೂ ಬಂದಿಲ್ಲ ಎಂದು ಹೇಳುತ್ತಿದ್ದೇನೆ. ಅದು ಸುಳ್ಳು. ಆ ಪತ್ರಿಕೆಗಳ ಅಂಚಿನಲ್ಲಿ, ಸುದ್ದಿಗಳ ಪಕ್ಕದಲ್ಲಿ, ಪೆನ್ಸಿಲಿನಿಂದ ಬರೆದ ಒಂದೊಂದು ಇಂಗ್ಲಿಷ್ ಅಕ್ಷರವೂ ಒಂದೊಂದು ಅಂಕಿಯೂ ಇವೆ. ಬಿ ೨. ಸಿ ೩. ಒಂದು ಜಾಹೀರಾತಿನ ಪಕ್ಕದಲ್ಲಿ ಇ ೫. ಬರೆದವರು ಕಳೆದ ಚಳಿಗಾಲದಲ್ಲಿ ತೀರಿಕೊಂಡರು.

ಊರಿನವರು ಅವರನ್ನು ಹವಾಲ್ದಾರರು ಎಂದು ಕರೆಯುತ್ತಿದ್ದರು. ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ. ಅವರ ಹೆಸರನ್ನು ಅಚ್ಚಿಗೆ ಕೊಡಬೇಕಾದರೆ ಅವರ ಹೆಂಡತಿಯ ಅನುಮತಿ ಬೇಕು. ಅದನ್ನು ಕೇಳುವ ಸ್ಥಿತಿಯಲ್ಲಿ ನಾನಿಲ್ಲ. ಏಕೆ ಎಂಬುದನ್ನು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಎಂಬತ್ತರ ಸಮೀಪದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ಸಿಲು. ಚೂಪಾದದ್ದು ಬರೆಯುವುದಕ್ಕೆ, ಮೊಂಡಾದದ್ದು ಅಡಿಗೆರೆ ಎಳೆಯುವುದಕ್ಕೆ. ಪೆನ್ನನ್ನು ಮುಟ್ಟುತ್ತಿರಲಿಲ್ಲ. "ಮಳೇಲಿ ಪೆನ್ನು ಅಳ್ತದೆ ಮಗ. ಪೆನ್ಸಿಲ್ ಅಳೋದಿಲ್ಲ," ಎನ್ನುತ್ತಿದ್ದರು. ಅವರು ಭಾಗಮಂಡಲದ ಕಡೆಯ ಅರೆಭಾಷೆ ಮನೆತನದವರು. ಸೈನ್ಯದಿಂದ ನಿವೃತ್ತರಾದ ಮೇಲೆ ಶಿರಂಗಾಲದ ಕಡೆ ನಾಲ್ಕು ಎಕರೆ ಭೂಮಿ ಮಾಡಿಕೊಂಡು ನಮ್ಮೂರಿನವರಾದರು. ಪೂರ್ವದ ಗಡಿಯಲ್ಲಿ ನಡೆದ ಆ ಹಳೆಯ ಯುದ್ಧದಲ್ಲಿ ಅವರು ಗುಪ್ತವಾರ್ತೆಯ ವಿಭಾಗದಲ್ಲಿ ಗುಮಾಸ್ತರಾಗಿದ್ದರು. ಗಸ್ತು ಹೋಗಿ ಬಂದವರು, ನದಿ ದಾಟಿ ಬಂದ ನಿರಾಶ್ರಿತರು, ದೋಣಿಯವರು, ಮೇಷ್ಟರು ಹೇಳಿದ್ದನ್ನೆಲ್ಲ ಕೇಳಿ, ಸೋಸಿ, ದಿನಕ್ಕೊಂದು ಪುಟದ ವರದಿ ಬರೆದು ಮೇಲಿನವರಿಗೆ ಕಳುಹಿಸುವುದು ಅವರ ಕೆಲಸವಾಗಿತ್ತು. ಶತ್ರು ಎಲ್ಲಿದ್ದಾನೆ, ಎಷ್ಟು ಜನರಿದ್ದಾರೆ, ಅವನ ರಾಜಧಾನಿಯಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ, ಎಲ್ಲವೂ ಒಂದೇ ಪುಟದಲ್ಲಿ.

ಆ ಅಕ್ಷರ ಮತ್ತು ಅಂಕಿ ಅಲ್ಲಿಂದ ಬಂದವು. ಅಕ್ಷರ ಸುದ್ದಿ ಹೇಳಿದವರಿಗೆ; ಅಂಕಿ ಹೇಳಿದ ಮಾತಿಗೆ. ಎ ಎಂದರೆ ಪೂರ್ತಿ ನಂಬಬಹುದಾದವರು, ಬಿ ಎಂದರೆ ಸಾಮಾನ್ಯವಾಗಿ ನಂಬಬಹುದಾದವರು. ಹೀಗೆ ಇಳಿಯುತ್ತಾ ಇ ಎಂದರೆ ನಂಬಲಾಗದವರು. ಎಫ್ ಎಂದರೆ ಯಾರೆಂದೇ ತಿಳಿಯದವರು. ಒಂದು ಎಂದರೆ ಸ್ವತಃ ಕಂಡ, ಇಲ್ಲವೇ ಬೇರೆ ಕಡೆಯಿಂದಲೂ ಖಚಿತವಾದ ಮಾತು. ಐದು ಎಂದರೆ ನಡೆದಿರಲಾರದ ಮಾತು. ಆರು ಎಂದರೆ ಹೇಳಲಾಗದು. ಈ ಎರಡನ್ನೂ ಬೇರೆಬೇರೆಯಾಗಿಯೇ ಹಾಕಬೇಕು ಎಂಬುದು ಅವರ ಹಟ. ಒಳ್ಳೆಯವರೂ ತಪ್ಪು ಸುದ್ದಿ ಹೇಳುತ್ತಾರೆ, ಕೆಟ್ಟವರೂ ನಿಜ ಹೇಳುತ್ತಾರೆ ಎಂದು ಅವರು ನನಗೆ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ.

ನಿವೃತ್ತಿಯಾಗಿ ದಶಕಗಳು ಕಳೆದರೂ ಅವರ ಅಭ್ಯಾಸ ಬಿಡಲಿಲ್ಲ. ಹಾರಂಗಿಯ ನಾಲೆಗೆ ನೀರು ಬಿಟ್ಟಿದ್ದಾರಂತೆ ಎಂದು ಯಾರಾದರೂ ಓಡಿ ಬಂದರೆ ಎರಡೇ ಪ್ರಶ್ನೆ: "ಯಾರು ಹೇಳಿದ್ದು? ಅವ್ರು ಎಲ್ಲಿ ನಿಂತು ನೋಡಿದ್ದು?" ಗ್ರಂಥಾಲಯದ ಎದುರಿನ ಚಹಾದಂಗಡಿಯ ಮಲಯಾಳಿ ಕಾಕಾ ಈ ಪ್ರಶ್ನೆಗಳನ್ನೇ ತಿರುಗಿಸಿ ಅವರನ್ನು ಕಾಡುತ್ತಿದ್ದರು. "ಎಂದಾ ಹವಾಲ್ದಾರೇ, ಇವತ್ತಿನ ಚಾಯ ಚೆನ್ನಾಗುಂಟು ಅಂತ ನಾನು ಹೇಳ್ತೇನೆ. ಎಷ್ಟು ಮಾರ್ಕು?" ಹವಾಲ್ದಾರರು ಒಂದು ಗುಟುಕು ಕುಡಿದು, "ನಿನ್ಗೆ ಡಿ. ಚಾಯಕ್ಕೆ ಎರಡು," ಎನ್ನುತ್ತಿದ್ದರು.

ನನ್ನ ತಾಯಿ ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಬದುಕು ಸವೆಸಿದವರು. ಹಣ್ಣು ಕೊಯ್ಯುವ ಪಿಕ್ಕಿಂಗ್ ಕಾಲದಲ್ಲಿ ಪ್ರತಿ ವಾರವೂ ಕೂಲಿಯ ಲೆಕ್ಕ ಬರೆಯುವ ರೈಟರ ಮುಂದೆ ಹೆಬ್ಬೆಟ್ಟು ಒತ್ತಿದವರು. ನಮ್ಮ ಮನೆತನದಲ್ಲಿ ಸಹಿ ಹಾಕಲು ಕಲಿತ ಮೊದಲನೆಯವಳು ನಾನು. ಪದವಿ ಪಡೆದ ಮೊದಲನೆಯವಳೂ ನಾನೇ. ಗ್ರಂಥಾಲಯದ ಮೇಲ್ವಿಚಾರಕಿಯಾದ ಮೊದಲ ವರ್ಷ, ನಾನು ಆಡುವ ಪ್ರತಿ ಮಾತನ್ನೂ ಮನಸ್ಸಿನಲ್ಲಿ ಒಮ್ಮೆ ತಿದ್ದಿಕೊಂಡೇ ಆಡುತ್ತಿದ್ದೆ. ಲೈನ್ ಮನೆಯ ಮಾತು ಬಾಯಿತಪ್ಪಿ ಹೊರಬಂದೀತೆಂಬ ಹೆದರಿಕೆ ನನಗೆ ಈಗಲೂ ಹೋಗಿಲ್ಲ.

ಆ ವರ್ಷ ಎಸ್ಟೇಟಿನಲ್ಲಿ ಆನೆಯ ಗಲಾಟೆ ಎದ್ದಿತು. ಅರಣ್ಯದ ಕಾವಲುಗಾರನು, ಆನೆಗಳು ನಿನ್ನೆಯೇ ಹೊಳೆ ದಾಟಿ ಹೋದವು, ಇವತ್ತು ಪಿಕ್ಕಿಂಗ್ ಮಾಡಬಹುದು ಎಂದು ಹೇಳಿದ್ದನು. ನನ್ನ ತಾಯಿ ಮಾತ್ರ ತೋಟಕ್ಕೆ ಇಳಿಯುವುದಿಲ್ಲ ಎಂದು ಹಟ ಹಿಡಿದು ಗ್ರಂಥಾಲಯದ ಮೆಟ್ಟಿಲ ಮೇಲೆ ಬಂದು ಕುಳಿತರು. ರೈಟರು ಬೈಯುತ್ತಾ ಹಿಂದೆಯೇ ಬಂದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಹವಾಲ್ದಾರರು ಪತ್ರಿಕೆ ಕೆಳಗಿಟ್ಟು ನನ್ನ ತಾಯಿಯನ್ನು ಕೇಳಿದರು.

"ಏನು ನೋಡ್ದೆ ನೀನು?"

"ಲದ್ದಿ ತುಳ್ದೆ ಸಾಮಿ."

"ಬಿಸಿ ಇತ್ತಾ?"

"ಕಾಲಿಗೆ ಹಿತ್ವಾಗಿತ್ತು. ಬೆಳ್ಗೆ ಚಳಿ ನೋಡಿ."

ಮೆಟ್ಟಿಲ ಮೇಲಿದ್ದವರೆಲ್ಲ ನಕ್ಕರು. ಹವಾಲ್ದಾರರು ನಗಲಿಲ್ಲ. ಪೆನ್ಸಿಲು ತೆಗೆದು ಪತ್ರಿಕೆಯ ಅಂಚಿನಲ್ಲಿ ಬರೆದು ರೈಟರಿಗೆ ತೋರಿಸಿದರು. "ಗಾರ್ಡ್ ಬಿ. ಆದ್ರೆ ಅವ್ನು ಹೇಳಿದ್ದು ನಿನ್ನೆ ಸುದ್ದಿ, ಅದಕ್ಕೆ ನಾಕು. ಈ ಹೆಂಗಸು ಯಾರೋ ನನ್ಗೆ ಗೊತ್ತಿಲ್ಲ, ಎಫ್. ಹೇಳಿದ್ದು ಮಾತ್ರ ಒಂದು. ಕಾಲಲ್ಲೇ ನೋಡಿದ್ದಾಳಲ್ಲ. ಇವತ್ತು ತೋಟಕ್ಕೆ ಯಾರನ್ನೂ ಇಳಿಸ್ಬೇಡಿ." ಮಧ್ಯಾಹ್ನದ ಹೊತ್ತಿಗೆ ಎರಡು ಆನೆಗಳು ಅದೇ ಬ್ಲಾಕಿನಿಂದ ಹೊರಬಂದವು. ಹೆಬ್ಬೆಟ್ಟು ಒತ್ತುವ ನನ್ನ ತಾಯಿಗೆ ಓದಿದ ಒಬ್ಬರು 'ಒಂದು' ಹಾಕಿದ್ದನ್ನು ನಾನು ಅಂದು ಮೊದಲ ಸಲ ನೋಡಿದೆ. ಅಂದಿನಿಂದ ಅವರ ಶಿಷ್ಯೆಯಾದೆ.

ಅವರು ಕಲಿಸಿದ್ದು ಬಹಳ. ಅದರಲ್ಲಿ ಮೂರನ್ನು ಮಾತ್ರ ಇಲ್ಲಿ ಹೇಳುವುದು ಅಗತ್ಯ. ಒಂದು, ವರದಿಯಲ್ಲಿ ಸುದ್ದಿ ಕೊಟ್ಟವರ ಹೆಸರು ಎಂದಿಗೂ ಬರಬಾರದು. ಹೆಸರು ಶತ್ರುವಿನ ಕೈಗೆ ಸಿಕ್ಕರೆ ಅವರ ಮನೆ ಉಳಿಯುವುದಿಲ್ಲ. ಇನ್ನೊಂದು, ಸಹಿ ಇಲ್ಲದ ಕಾಗದಕ್ಕೆ ಕಣ್ಣು ಮುಚ್ಚಿ ಎಫ್ ಹಾಕಬೇಕು. ಬರೆದವರು ಇಂಥವರೇ ಎಂದು ತನಗೆ ಖಚಿತವಾಗಿದ್ದರೆ ಮಾತ್ರ ಅವರ ಅಕ್ಷರವನ್ನು ಹಾಕಬಹುದು. ಮೂರನೆಯದು ಕಾಗದ ಮಡಿಸುವ ಕ್ರಮ. ಯುದ್ಧದಲ್ಲಿ ಲಕೋಟೆಯೂ ಇರಲಿಲ್ಲ, ಗೋಂದೂ ಇರಲಿಲ್ಲ. ಹಾಳೆಯನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿ, ಎರಡು ತುದಿಗಳನ್ನು ಓರೆಯಾಗಿ ಮಡಚಿ, ಒಂದರ ಮೂಲೆಯನ್ನು ಇನ್ನೊಂದರ ಒಳಗೆ ಸಿಕ್ಕಿಸಬೇಕು. ಬಿಚ್ಚಿದವರು ಮತ್ತೆ ಹಾಗೆಯೇ ಮಡಿಸಲು ತಿಳಿಯದಿದ್ದರೆ ಸಿಕ್ಕಿಬೀಳುತ್ತಾರೆ. ನನಗೆ ಅದು ಬರಲು ಒಂದು ವಾರ ಹಿಡಿಯಿತು. ಆಮೇಲೆ ಕೈ ತಾನಾಗಿಯೇ ಹಾಗೆ ಮಡಿಸತೊಡಗಿತು. ಅಂಗಡಿಯ ಚೀಟಿ, ಬಸ್ಸಿನ ಟಿಕೆಟು, ಎಲ್ಲವನ್ನೂ.

"ನನ್ಗೆ ಯಾವ ಅಕ್ಷರ ಸರ್?" ಎಂದು ನಾನು ಒಮ್ಮೆ ಕೇಳಿದ್ದೆ. ಮಾರ್ಕು ಕೇಳುವ ಚಟ ನನಗೆ ಶಾಲೆಯಿಂದಲೇ ಅಂಟಿತ್ತು.

"ಅದನ್ನ ಹೇಳೋ ಹಾಗಿಲ್ಲ ಮಗ. ಹೇಳಿದ್ರೆ ಅಕ್ಷರ ಉಳಿಸ್ಕೊಳ್ಳೋಕೇ ಸುಳ್ಳು ಹೇಳೋಕೆ ಶುರು ಮಾಡ್ತಾರೆ."

"ಎ ಅಲ್ಲ ಅಂತಾಯ್ತು."

"ಎ ನಮ್ಮನೆಯೋಳಿಗೂ ಹಾಕಿಲ್ಲ. ಆರಾಮಾಗಿರು."

ಇನ್ನು ಆ ದಿನಗಳ ವಿಷಯಕ್ಕೆ ಬರಬೇಕು.

ಕಳೆದ ಸಲ ಪಶ್ಚಿಮದ ಗಡಿಯಲ್ಲಿ ಗುಂಡು ಹಾರಿದಾಗ ನಮ್ಮೂರಿನ ನಾಲ್ಕು ಮನೆಗಳ ಗಂಡಸರು ಸೈನ್ಯದಲ್ಲಿದ್ದರು. ಟೀವಿಯಲ್ಲಿ ದಿನವಿಡೀ ಕೂಗಾಟ. ಹವಾಲ್ದಾರರು ತಮ್ಮ ಹಳೆಯ ಶಾರ್ಟ್‌ವೇವ್ ರೇಡಿಯೋವನ್ನು ಹೊರತೆಗೆದರು. ಬೆಳಿಗ್ಗೆ ನಮ್ಮ ದೇಶದ ವಾರ್ತೆ, ಆಮೇಲೆ ಶತ್ರುದೇಶದ ಉರ್ದು ವಾರ್ತೆ, ಮಧ್ಯಾಹ್ನ ದೂರದ ಮೂರನೆಯ ದೇಶವೊಂದರ ವಾರ್ತೆ. ಮೂರನ್ನೂ ಕೇಳಿ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದು, ಸಂಜೆ ಗ್ರಂಥಾಲಯ ಮತ್ತೆ ತೆರೆಯುವ ಹೊತ್ತಿಗೆ ಒಂದು ಪುಟದ ವರದಿ ತರುತ್ತಿದ್ದರು. ಎದ್ದುನಿಂತು ಓದುತ್ತಿದ್ದರು. ಕೇಳಲು ಹತ್ತು ಹನ್ನೆರಡು ಜನ. ಅವರಲ್ಲಿ ಒಬ್ಬಳು, ಮದುವೆಯಾಗಿ ಒಂದು ವರ್ಷವೂ ತುಂಬದ ಸೈನಿಕನ ಹೆಂಡತಿ. ತನ್ನ ಗಂಡ ಎಲ್ಲಿದ್ದಾನೆಂದು ಅವಳೂ ಹೇಳುತ್ತಿರಲಿಲ್ಲ, ಅವರೂ ಕೇಳುತ್ತಿರಲಿಲ್ಲ. ಕೇಳಬಾರದೆಂಬುದು ಅವರ ಶಿಸ್ತು. ವರದಿ ಮುಗಿಸಿ, ಕಾಗದದಿಂದ ಕಣ್ಣೆತ್ತದೆ, "ಬಡಗು ದಿಕ್ಕಿನಲ್ಲಿ ಇವತ್ತು ಏನೂ ಇಲ್ಲ. ಬಿ ೨. ಹೋಗಿ ಊಟ ಮಾಡು," ಎನ್ನುತ್ತಿದ್ದರು. ಅವಳು ಎದ್ದು ಹೋಗುತ್ತಿದ್ದಳು. ಊಟ ಮಾಡುತ್ತಿದ್ದಳು ಎಂದು ಅವಳ ಅತ್ತೆಯೇ ನನಗೆ ಹೇಳಿದ್ದರು.

ಗ್ರಂಥಾಲಯದ ಕರಿಹಲಗೆ ನನ್ನದು. ಆ ದಿನಗಳಲ್ಲಿ ನಾನೂ ಯುದ್ಧದ ಸುದ್ದಿಯನ್ನು ಬರೆಯತೊಡಗಿದೆ. ಟೀವಿಯ ಸುದ್ದಿಯನ್ನು ಶುದ್ಧವಾದ ಭಾಷೆಗೆ ತಿರುಗಿಸಿ, ದುಂಡಗಿನ ಅಕ್ಷರದಲ್ಲಿ. ಒಂದು ಸಂಜೆ ಹೀಗೆ ಬರೆದೆ: 'ಶತ್ರುರಾಷ್ಟ್ರದ ಪ್ರಮುಖ ಬಂದರು ನಮ್ಮ ಸೇನೆಯ ವಶ. ಖಚಿತ ಮೂಲಗಳಿಂದ ದೃಢೀಕರಣ.' ಆ ವಾಕ್ಯದ ರಚನೆ ನನಗೇ ಮೆಚ್ಚುಗೆಯಾಗಿತ್ತು. ಪಂಚಾಯಿತಿಯ ಸದಸ್ಯರು ಫೋಟೋ ತೆಗೆದುಕೊಂಡರು.

ಹವಾಲ್ದಾರರು ಬಂದರು. ಓದಿದರು. ಸೀಮೆಸುಣ್ಣ ತೆಗೆದುಕೊಂಡು ನನ್ನ ವಾಕ್ಯದ ಪಕ್ಕದಲ್ಲಿ 'ಇ ೫' ಎಂದು ಬರೆದರು.

"ಯಾರು ಹೇಳಿದ್ದು?"

"ಟೀವಿಯಲ್ಲಿ ಬಂದಿತು ಸರ್."

"ಟೀವಿ ಎಲ್ಲಿ ನಿಂತು ನೋಡಿದ್ದು?"

"ನಮ್ಮನೆ ಟೀವಿ ಶೋಕೇಸ್ ಮೇಲೆ ನಿಂತುಂಟು," ಎಂದರು ಬಾಗಿಲಲ್ಲಿದ್ದ ಕಾಕಾ. "ಅಲ್ಲಿಂದ ಬಂದರು ಕಾಣ್ತದೋ ಏನೋ!"

ಎಲ್ಲರೂ ನಕ್ಕರು. ಸದಸ್ಯರೂ ನಕ್ಕರು. ಆ ಸೈನಿಕನ ಹೆಂಡತಿಯೂ ನಕ್ಕಳು, ಎಷ್ಟೋ ದಿನಗಳ ಮೇಲೆ. ಹವಾಲ್ದಾರರು ನನ್ನ ಮುಖ ನೋಡಿ ಮೆಲ್ಲನೆ, "ನಿನ್ಗಲ್ಲ ಮಗ ಇ ಹಾಕಿದ್ದು. ಟೀವಿಗೆ," ಎಂದರು. ಅದು ನನ್ನ ಕಿವಿಗೆ ಬಿದ್ದಿತ್ತು. ಆದರೂ ಆ ಅಕ್ಷರವನ್ನು ನಾನು ನನಗೇ ಅಂಟಿಸಿಕೊಂಡೆ. ಪದವೀಧರೆಯೊಬ್ಬಳನ್ನು ಸ್ಲೇಟು ಹಿಡಿದ ಮಗುವಿನಂತೆ ಹತ್ತು ಜನರ ಮುಂದೆ ನಿಲ್ಲಿಸಿದರಲ್ಲ ಎಂಬ ಒಂದೇ ಸಂಕಟ. ಹೇಳಿದವರು ಬೇರೆ, ಹೇಳಿದ ಮಾತು ಬೇರೆ ಎಂಬುದನ್ನು ವರ್ಷಗಟ್ಟಲೆ ಕಲಿತವಳು, ನನ್ನ ಸರದಿ ಬಂದಾಗ ಎರಡನ್ನೂ ಕಲಸಿಬಿಟ್ಟೆ.

ಅನುಮಾನಾಸ್ಪದ ವ್ಯಕ್ತಿಗಳ ಬಗ್ಗೆ ಪೊಲೀಸರಿಗೆ ತಿಳಿಸಿ ಎಂಬ ಸಂದೇಶ ಆಗ ಎಲ್ಲರ ಮೊಬೈಲಿಗೂ ಬರುತ್ತಿತ್ತು. ಮರುದಿನ ಬೆಳಿಗ್ಗೆ ಗ್ರಂಥಾಲಯದ ಮೇಜಿನ ಮುಂದೆ ಕುಳಿತು ಒಂದು ಕಾಗದ ಬರೆದೆ. ಎರಡು ಸಲ ಕರಡು ತಯಾರಿಸಿ, ಮೂರನೆಯದನ್ನು ನನ್ನದಲ್ಲದ ನೆಟ್ಟನೆಯ ಅಕ್ಷರದಲ್ಲಿ ಶುದ್ಧಪ್ರತಿ ಮಾಡಿದೆ. ಅದರ ಒಂದೊಂದು ಪದವೂ ನನಗೆ ನೆನಪಿದೆ: 'ಮಾನ್ಯರೇ, ಈ ಗ್ರಾಮದ ನಿವಾಸಿಯಾದ ನಿವೃತ್ತ ಸೈನಿಕರೊಬ್ಬರು ಪ್ರತಿದಿನ ಶತ್ರುರಾಷ್ಟ್ರದ ರೇಡಿಯೋ ವಾರ್ತೆಯನ್ನು ಆಲಿಸಿ, ಅಕ್ಷರ ಹಾಗೂ ಅಂಕಿಗಳ ಸಂಕೇತದಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತಿರುವುದು ಕಂಡುಬಂದಿರುತ್ತದೆ. ಸೈನಿಕರ ಕುಟುಂಬದವರು ಪ್ರತಿ ಸಂಜೆ ಅವರ ಬಳಿ ಸೇರುತ್ತಿರುವುದೂ ಕಂಡುಬಂದಿರುತ್ತದೆ. ತಮ್ಮ ಅವಗಾಹನೆಗಾಗಿ. ಇಂತಿ, ದೇಶಹಿತೈಷಿ.'

ಅದರಲ್ಲಿ ಒಂದೂ ಸುಳ್ಳಿಲ್ಲ. ಆ ಅಕ್ಷರ ಮತ್ತು ಅಂಕಿಗಳ ಅರ್ಥ ನನಗೆ ಗೊತ್ತು ಎಂಬ ಒಂದು ವಾಕ್ಯ ಮಾತ್ರ ಇಲ್ಲ. ಅದನ್ನು ಬರೆದಿದ್ದರೆ ಕಾಗದವೇ ಬೇಕಾಗಿರಲಿಲ್ಲ. ಸಹಿ ಹಾಕಲು ಕಲಿತ ಮೊದಲನೆಯವಳು, ಬದುಕಿನಲ್ಲಿ ಬರೆದ ಅತಿ ಮುಖ್ಯವಾದ ಕಾಗದಕ್ಕೆ ಸಹಿ ಹಾಕದೆ, ಠಾಣೆಯ ಮುಂದಿನ ಸಲಹಾಪೆಟ್ಟಿಗೆಗೆ ಹಾಕಿ ಬಂದೆ.

ಮರುದಿನ ಚಹಾದಂಗಡಿಯ ಮುಂದೆ ಪೊಲೀಸ್ ಜೀಪು ನಿಂತಿತು. ಬಂದರಿನ ಸುದ್ದಿ ಸುಳ್ಳೆಂದು ಅಷ್ಟು ಹೊತ್ತಿಗೆ ಟೀವಿಯವರೇ ಒಪ್ಪಿಕೊಂಡಿದ್ದರು. ಆ ಬೆಳಿಗ್ಗೆಯೇ ನಾನು ಹಲಗೆಯನ್ನು ಒರೆಸಿದ್ದೆ. ಮನೆಯಲ್ಲಿ ಹವಾಲ್ದಾರರು ಬೂಟು ಹಾಕಿಕೊಳ್ಳಲು ಎರಡು ನಿಮಿಷ ಕೇಳಿದರಂತೆ. ಚಪ್ಪಲಿಯಲ್ಲಿ ಬರುವುದು ಸರಿಯಲ್ಲ ಎಂದರಂತೆ. ಅವರನ್ನು ಜೀಪಿಗೆ ಕರೆತರುವಾಗ ರೇಡಿಯೋವನ್ನು ಒಬ್ಬ ಪೇದೆ, ನೋಟ್‌ಬುಕ್ಕುಗಳನ್ನು ಇನ್ನೊಬ್ಬ ಪೇದೆ ಹಿಡಿದುಕೊಂಡಿದ್ದರು. ನಾನು ಗ್ರಂಥಾಲಯದ ಕಿಟಕಿಯ ಹಿಂದೆ ಪುಸ್ತಕಗಳನ್ನು ಜೋಡಿಸುತ್ತಿದ್ದೆ. ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತಿದ್ದೆ.

ಸಂಜೆಗೆ ಬಿಟ್ಟು ಕಳುಹಿಸಿದರು. ಯಾರೂ ಅವರನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಕುಡಿಯಲು ಕಾಫಿ ಕೊಟ್ಟರಂತೆ. ಮೂರು ವಾರಗಳ ನಂತರ ನೋಟ್‌ಬುಕ್ಕುಗಳು ಹಿಂದಿರುಗಿದವು. ರೇಡಿಯೋ ಬರಲಿಲ್ಲ, ಅದರ ಪರಿಶೀಲನೆ ಬಾಕಿ ಇದೆ ಎಂದರು. ಆದರೆ ಜೀಪು ಬಂದಿದ್ದನ್ನು ಊರು ನೋಡಿತ್ತು. ಏನೋ ಇಲ್ಲದೆ ಬರ್ತಾರಾ ಎಂದರು ಕೆಲವರು. ಯಾರೋ ಹೆಸರಿಲ್ಲದ ಕಾಗದ ಹಾಕಿದ್ದಾರಂತೆ ಎಂದರು ಇನ್ನು ಕೆಲವರು. ಸಂಜೆಯ ವರದಿ ನಿಂತುಹೋಯಿತು. ಉಳಿದ ದಿನಗಳಲ್ಲಿ ಆ ಸೈನಿಕನ ಹೆಂಡತಿಗೆ ಟೀವಿಯೊಂದೇ ಗತಿಯಾಯಿತು. ಬಡಗು ದಿಕ್ಕಿನ ನಮ್ಮ ಸೇನೆಯ ಠಾಣ್ಯವೊಂದು ಕೈತಪ್ಪಿತು ಎಂದು ಯಾರೋ ನಿರೂಪಕ ಕೂಗಿದ್ದನ್ನು ಕೇಳಿ ಅವಳು ಎರಡು ದಿನ ಅನ್ನ ಮುಟ್ಟಲಿಲ್ಲ. ಅದೂ ಸುಳ್ಳಾಗಿತ್ತು. ಅವಳ ಗಂಡ ಕ್ಷೇಮವಾಗಿ ರಜೆಯ ಮೇಲೆ ಬಂದ. ಆದರೆ ಆ ಎರಡು ದಿನಗಳನ್ನು ನಾನು ಯಾವ ಪದಗಳಲ್ಲಿ ಬರೆಯಲಿ?

ಪ್ರತಿ ವರ್ಷ ಪಂಚಾಯಿತಿಯ ಧ್ವಜಾರೋಹಣಕ್ಕೆ ಹಗ್ಗ ಎಳೆಯುತ್ತಿದ್ದವರು ಹವಾಲ್ದಾರರು. ಆ ವರ್ಷ ಅವರಿಗೆ ಕರೆ ಹೋಗಲಿಲ್ಲ. ನಾನು ಮೈಕಿನ ಮುಂದೆ ಕಾರ್ಯಕ್ರಮ ನಿರೂಪಿಸುತ್ತಿದ್ದೆ. ಅವರು ಪದಕಗಳನ್ನು ತೊಟ್ಟು, ರಸ್ತೆಯ ಆಚೆ, ಕಾಕಾನ ಅಂಗಡಿಯ ಮುಂದೆ ನಿಂತು ಅಲ್ಲಿಂದಲೇ ಸೆಲ್ಯೂಟು ಮಾಡಿದರು. ಬಾವುಟ ಪೂರ್ತಿ ಏರುವವರೆಗೂ ಕೈ ಇಳಿಸಲಿಲ್ಲ.

ಮರುದಿನದಿಂದ ಎಂದಿನಂತೆ ಗ್ರಂಥಾಲಯಕ್ಕೆ ಬಂದರು. ಪತ್ರಿಕೆ, ಪೆನ್ಸಿಲು, ಅಂಚಿನಲ್ಲಿ ಅಕ್ಷರ, ಅಂಕಿ. ಒಂದು ದಿನ ನಾನೇ ಕೇಳಿದೆ. ಏಕೆ ಕೇಳಿದೆನೆಂದರೆ, ಅವರಿಗೆ ಅನುಮಾನವಿದೆಯೇ ಎಂದು ತಿಳಿದುಕೊಳ್ಳಲು. ಇದಕ್ಕಿಂತ ಹೀನವಾದದ್ದನ್ನು ನಾನು ಬೇರೆ ಮಾಡಿಲ್ಲ.

"ಆ ಕಾಗದ ಯಾರು ಬರೆದಿರಬಹುದು ಸರ್?"

"ಸುದ್ದಿ ಕೊಟ್ಟೋರ ಹೆಸ್ರು ಕೇಳ್ಬಾರ್ದು ಅಂತ ನಿನ್ಗೆ ಹೇಳ್ಕೊಟ್ಟಿದ್ದೀನಲ್ಲ."

ಪತ್ರಿಕೆ ಮಡಿಸಿಟ್ಟು, ಎಂದೂ ಹೇಳದ ಒಂದು ಸಂಗತಿಯನ್ನು ಹೇಳಿದರು.

"ಯುದ್ಧದಲ್ಲಿ ಹೊಳೆ ದಾಟೋಕೆ ಒಂದು ಕಡವು ಇತ್ತು. ಅಲ್ಲಿ ಶತ್ರು ಇದ್ದಾನಾ ಇಲ್ವಾ ಅಂತ ಬರ್ದು ಕಳಿಸ್ಬೇಕು. ದೋಣಿಯವ್ನೊಬ್ಬ ಖಾಲಿ ಅದೆ ಅಂದ. ಕುಡುಕ, ಮೂರು ಸಲ ಸುಳ್ಳು ಹೇಳಿದ್ದ. ಅವ್ನಿಗೆ ಇ. ಹೆಡ್‌ಮಾಸ್ಟ್ರೊಬ್ರು ಇದ್ದಾರೆ ಅಂದ್ರು. ದೇವ್ರಂಥ ಮನುಷ್ಯ, ಎ. ನಾನೇನ್ ಮಾಡ್ದೆ? ಎ ಹೇಳಿದ್ದು ಅಂತ ಮಾತಿಗೂ ಒಂದು ಹಾಕ್ದೆ. ಇ ಹೇಳಿದ್ದು ಅಂತ ಮಾತಿಗೂ ಐದು ಹಾಕ್ದೆ. ಎಲ್ಲಿ ನಿಂತು ನೋಡಿದ್ರಿ ಅಂತ ಇಬ್ರನ್ನೂ ಕೇಳ್ಲಿಲ್ಲ. ಮೇಷ್ಟ್ರು ನೋಡೇ ಇರ್ಲಿಲ್ಲ, ಯಾರೋ ಹೇಳಿದ್ದು ಕೇಳಿದ್ರು. ದೋಣಿಯವ್ನು ಅವತ್ತು ಬೆಳಿಗ್ಗೆ ಅಲ್ಲೇ ದೋಣಿ ಕಟ್ಟಿ ಬಂದಿದ್ದ."

"ಆಮೇಲೆ?"

"ನಮ್ಮೋರು ಕಡವು ಬಿಟ್ಟು ಜೌಗಿನ ಕಡೆಯಿಂದ ಸುತ್ತಾಕಿ ಹೋದ್ರು. ಶತ್ರು ಇದ್ದದ್ದು ಅಲ್ಲಿ. ನಮ್ಮೋರು ಮೂರು ಜನ ತೀರ್ಕೊಂಡ್ರು." ಪೆನ್ಸಿಲನ್ನು ಮೇಜಿನ ಮೇಲಿಟ್ಟರು. "ವರದೀಲಿ ನನ್ ಸಹಿ ಇತ್ತು ಮಗ. ಸಾಹೇಬ್ರ ಹತ್ರ ನಾನೇ ಹೋಗಿ ಅಂಕಿ ತಪ್ಪಿದ್ದು ನಂದು ಅಂತ ಹೇಳ್ದೆ."

"ಅವ್ರು ಏನಂದ್ರು?"

"ನಾಳೆ ವರದಿ ಹೊತ್ತಿಗೆ ಸರಿಯಾಗಿ ಬರ್ಲಿ ಅಂದ್ರು."

ಇಷ್ಟು ಹೇಳಿ ನನ್ನನ್ನೇ ನೋಡುತ್ತಾ ಕುಳಿತರು. ಬಹಳ ಹೊತ್ತು. ನಾನು ಸದಸ್ಯತ್ವದ ರಿಜಿಸ್ಟರನ್ನು ತೆರೆದು ಅದರಲ್ಲಿ ಏನನ್ನೋ ಹುಡುಕತೊಡಗಿದೆ. ಅವರು ತಮಗಾಗಿ ಆ ಕಥೆ ಹೇಳಲಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲವೆಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಹೊಳೆದಿತ್ತು.

ಅವರು ತೀರಿಕೊಂಡ ಒಂದು ತಿಂಗಳಿಗೆ ಅವರ ಹೆಂಡತಿ ಗ್ರಂಥಾಲಯಕ್ಕೆ ಬಂದರು. ಕೈಯಲ್ಲಿ ಕಾಫಿ ತುಂಬುವ ಗೋಣಿಚೀಲ, ಅದರ ತುಂಬ ನೋಟ್‌ಬುಕ್ಕುಗಳು. ಆ ಮನೆಯಲ್ಲಿ ನಾನು ಎಷ್ಟೋ ಸಲ ಅಕ್ಕಿರೊಟ್ಟಿ ತಿಂದಿದ್ದೆ. ನನ್ನೊಂದಿಗೆ ಮಾತನಾಡುವಾಗ ಅವರು ಅರೆಭಾಷೆಯನ್ನು ಅರ್ಧ ಬಿಟ್ಟು ಅರ್ಧ ಇಟ್ಟುಕೊಂಡು ಮಾತನಾಡುತ್ತಿದ್ದರು.

"ಇದ್ರಲ್ಲಿ ಎಲ್ಲಾ ಉಟ್ಟು. 'ಅವು' ಏನನ್ನೂ ಬರೀದೆ ಬಿಟ್ಟೋರಲ್ಲ," ಎಂದರು. ಗಂಡನನ್ನು ಅವರು 'ಅವು' ಎಂದೇ ಕರೆಯುತ್ತಿದ್ದುದು; 'ಉಟ್ಟು' ಎಂದರೆ ಇದೆ. "ಆ ಕಾಗದ ಹಾಕಿದವ್ನ ಹೆಸ್ರು ಹುಡ್ಕಿ ಹೇಳು. ನಂಗೆ ಕಣ್ಣು ಕಾಣೋದಿಲ್ಲೆ. ನೀನು ಓದಿದವ್ಳು."

"ಈಗ ಏಕೆ ಅಮ್ಮ ಅದೆಲ್ಲ?"

"ಒಂದು ಸಲ ಅವ್ನ ಮುಖ ನೋಡ್ಬೇಕು. ಬೈಯೋದಿಲ್ಲೆ. ನೋಡ್ಬೇಕು ಅಷ್ಟೇ."

ಅವರ ಎದುರಿನಲ್ಲೇ ಹುಡುಕಿದೆ. ಹಳೆಯ ನೋಟ್‌ಬುಕ್ಕುಗಳು ಪೊಲೀಸರ ಬಳಿಯಿದ್ದಾಗ ಅವರು ಹೊಸದೊಂದನ್ನು ಆರಂಭಿಸಿದ್ದರು. ಅದರ ಮೊದಲ ಪುಟದ ಮೊದಲ ಸಾಲುಗಳು ಹೀಗಿದ್ದವು:

'ಠಾಣೆಯಲ್ಲಿ ಕಾಗದ ತೋರಿಸಿದರು. ಸಹಿ ಇಲ್ಲ. ಬಿ ೧. ಮಡಿಕೆ ಸರಿಯಾಗಿದೆ.'

ಸಹಿ ಇಲ್ಲದ ಕಾಗದಕ್ಕೆ ಎಫ್ ಹಾಕಬೇಕಾಗಿತ್ತು. ಬರೆದವರು ಇಂಥವರೇ ಎಂದು ಖಚಿತವಾಗಿದ್ದರೆ ಮಾತ್ರ ಬೇರೆ ಅಕ್ಷರ. ನಾನು ಕೈಬರಹವನ್ನು ಬದಲಾಯಿಸಿದ್ದೆ, ಹೆಸರನ್ನು ಬಿಟ್ಟಿದ್ದೆ. ಕೈ ಮಾತ್ರ ಅವರು ಕಲಿಸಿದಂತೆಯೇ ಕಾಗದವನ್ನು ಮಡಿಸಿತ್ತು. ಮೂರು ಮಡಿಕೆ, ಓರೆಯಾದ ತುದಿ, ಮೂಲೆಯೊಳಗೆ ಮೂಲೆ. ಠಾಣೆಯ ಮೇಜಿನ ಮೇಲೆ ಅದನ್ನು ಕಂಡ ಕ್ಷಣದಿಂದಲೇ ಅವರಿಗೆ ಗೊತ್ತಿತ್ತು. ಅದಾದ ಮೇಲೂ ದಿನವೂ ಬಂದು ನನ್ನೆದುರು ಕುಳಿತಿದ್ದರು. ನಾನು ವರ್ಷಗಳ ಹಿಂದೆ ಕೇಳಿದ್ದ ಮಾರ್ಕು ಕೊನೆಗೂ ನನ್ನ ಕಣ್ಣೆದುರಿಗಿತ್ತು. ಅವರು ಅದನ್ನು ಇಳಿಸಿರಲಿಲ್ಲ.

"ಸಿಕ್ತಾ?" ಎಂದರು ಅವರ ಹೆಂಡತಿ.

"ಹೆಸರು ಬರೆದಿಲ್ಲ ಅಮ್ಮ," ಎಂದೆ.

ಇದರಲ್ಲಿಯೂ ಒಂದೂ ಸುಳ್ಳಿರಲಿಲ್ಲ.

"ಹೆಸ್ರು ಇಲ್ಲೆನಾ?" ಎಂದು ಅವರು ಚೀಲವನ್ನು ಅಲ್ಲಿಯೇ ಬಿಟ್ಟು, ಮೆಟ್ಟಿಲಿನ ಕಂಬ ಹಿಡಿದು ಇಳಿದು ಹೋದರು.

ಎರಡು ದಿನ ನಾನು ಆ ನೋಟ್‌ಬುಕ್ಕನ್ನು ಮೇಜಿನ ಖಾನೆಯಲ್ಲಿಟ್ಟಿದ್ದೆ. ನನ್ನ ತಾಯಿಗೆ ಹೇಳಿದೆ. ಅವರು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, "ನಾನು ತುಳ್ದಿದ್ದ ಲದ್ದೀನೂ ನಂಬಿದ್ರಲ್ಲೇ ಅವ್ರು," ಎಂದರು. ಮೂರನೆಯ ದಿನ ಬೆಳಿಗ್ಗೆ ಹವಾಲ್ದಾರರ ಮನೆಗೆ ಹೋದೆ. ಅವರ ಹೆಂಡತಿ ಅಂಗಳದಲ್ಲಿ ಚಾಪೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಕುಳಿತುಕೊಳ್ಳಲು ಹೇಳಿದರು. ನಾನು ನಿಂತೇ ಹೇಳಿದೆ. ಎಷ್ಟೋ ಸಲ ಮನಸ್ಸಿನಲ್ಲಿ ತಿದ್ದಿಟ್ಟುಕೊಂಡಿದ್ದ ವಾಕ್ಯಗಳು ಒಂದೂ ಬರಲಿಲ್ಲ. ಬಂದದ್ದು ಲೈನ್ ಮನೆಯ ಮಾತು. "ನಾನೇ ಕಣಮ್ಮ ಹಾಕಿದ್ದು. ಆ ಕಾಗ್ದ ನಂದೇ."

ಸುಲಿಯುವ ಕೈ ನಿಲ್ಲಲಿಲ್ಲ. ಒಂದು ಕಾಯಿ, ಇನ್ನೊಂದು ಕಾಯಿ.

"ನೀನಾ?"

"ಹೂಂ."

"ಅವ್ಕೆ ಗೊತ್ತಿತ್ತಾ?"

ನೋಟ್‌ಬುಕ್ಕು ತೆರೆದು ಓದಿ ಹೇಳಿದೆ. ಅರ್ಥವನ್ನೂ ಹೇಳಿದೆ. ಅವರು ತಲೆಯೆತ್ತಿ ನನ್ನ ಮುಖ ನೋಡಿದರು. ಒಂದು ಸಲ ನೋಡಬೇಕು ಎಂದಿದ್ದರಲ್ಲ, ಹಾಗೆ.

"ಅದಾದ ಮೇಲೂ ನಿಂಗೆ ರೊಟ್ಟಿ ಹಾಕು ಅಂತಿದ್ರು. ನಾನು ಹಾಕಿದ್ದೀನಿ, ನನ್ ಕೈಯಾರೆ," ಎಂದರು. ಕಾಳುಗಳನ್ನು ಮೊರಕ್ಕೆ ಸುರಿದರು. "ರೇಡಿಯೋ ಇನ್ನೂ ಅಲ್ಲೇ ಉಟ್ಟು. ಎರಡು ಸಲ ಹೋಗಿ ಕೇಳಿ ಬಂದ್ರು. ಮೂರ್ನೇ ಸಲ ಬೇಡ ಅಂತ ಸುಮ್ನಾದ್ರು. ಕಾಗದ ಬರಿ. ಈ ಸಲ ಹೆಸ್ರು ಹಾಕಿ ಬರಿ. ರೇಡಿಯೋ ಇಲ್ದೆ ಈ ಅಂಗಳಕ್ಕೆ ಬರ್ಬೇಡ."

ಬರೆದೆ. ಕರಡು ತಯಾರಿಸಲಿಲ್ಲ. ನನ್ನದೇ ಕೈಬರಹದಲ್ಲಿ, ಆ ಅಕ್ಷರ ಮತ್ತು ಅಂಕಿಗಳಿಗೆ ಏನರ್ಥವೆಂಬುದನ್ನೂ, ಅದು ನನಗೆ ಮೊದಲೇ ಗೊತ್ತಿತ್ತೆಂಬುದನ್ನೂ ಬರೆದು, ಸಹಿ ಹಾಕಿ, ಕೆಳಗೆ ಪೂರ್ಣ ಹೆಸರು, ತಾಯಿಯ ಹೆಸರು, ವಿಳಾಸ ಬರೆದೆ. ಮಡಿಸಲಿಲ್ಲ. ಹಾಳೆಯನ್ನು ಬಿಚ್ಚಿದ ಹಾಗೆಯೇ ಎರಡೂ ಕೈಗಳಲ್ಲಿ ಹಿಡಿದುಕೊಂಡು ಬಸ್ಸಿನಲ್ಲಿ ಹೋದೆ.

ಠಾಣೆಯಲ್ಲಿ ಒಬ್ಬ ವಯಸ್ಸಾದ ಹೆಡ್ ಕಾನ್‌ಸ್ಟೇಬಲ್ ಇದ್ದರು. ಮೊದಲ ಸಾಲನ್ನಷ್ಟೇ ಓದಿ, ಕಪಾಟಿನಿಂದ ಒಂದು ತೆಳುವಾದ ಫೈಲು ತೆಗೆದು ಮೇಜಿನ ಮೇಲಿಟ್ಟರು.

"ತೀರ್ಕೊಂಡ್ರಲ್ಲ ಅವ್ರು. ವಸ್ತು ವಾಪಸ್ ಕೇಳೋಕೆ ಮನೆಯೋರು ಬರ್ಬೇಕಮ್ಮ. ನೀವು ಅವ್ರಿಗೆ ಏನಾಗ್ಬೇಕು?"

ಫೈಲು ತೆರೆದಿತ್ತು. ಎಲ್ಲಕ್ಕಿಂತ ಕೆಳಗೆ ಒಂದು ಬಿಳಿಯ ಹಾಳೆ. ಅದರ ಮೇಲೆ ಉದ್ದಕ್ಕೆ ಮಡಿಕೆಯ ಎರಡು ಗೆರೆ, ತುದಿಗಳಲ್ಲಿ ಓರೆಯಾಗಿ ಎರಡು ಗೆರೆ.

"ಆ ಕಾಗದ ಬರೆದವಳು," ಎಂದೆ.